ಹಳಿ ಮುಗಿದಲ್ಲಿ ಹೊಳೆ

ಕೊಂಡ್ಲಹಳ್ಳಿಯವನೊಬ್ಬ ರೈಲು ಮತ್ತು ದೋಣಿಯ ಪ್ರಯಾಣದ ಚರಿತ್ರೆ ಬರೆಯಲು ಕೂತಿದ್ದಾನೆಂದರೆ ಮೊದಲು ನಗುವವರು ನಮ್ಮೂರಿನವರೇ. ಮೊಳಕಾಲ್ಮುರು ತಾಲ್ಲೂಕಿನಲ್ಲಿ ದೋಣಿ ಬಿಡುವಷ್ಟು ನೀರೆಲ್ಲಿದೆ? ಶೇಂಗಾದ ಹೊಲ, ಸೀಮೆಜಾಲಿ, ಬಂಡೆಗುಡ್ಡ. ಚಿನ್ನಹಗರಿ ಎಂಬ ಹೊಳೆ ಇದೆ, ಆದರೆ ವರ್ಷದ ಬಹುಪಾಲು ಅದರ ಮರಳಿನ ಮೇಲೆ ಎತ್ತಿನ ಗಾಡಿ ಹೊಡೆದುಕೊಂಡು ಹೋಗಬಹುದಿತ್ತು. ನಮ್ಮ ಚಿತ್ರದುರ್ಗ ಜಿಲ್ಲೆಗೆಲ್ಲ ದೊಡ್ಡ ನೀರೆಂದರೆ ಹಿರಿಯೂರಿನ ವಾಣಿವಿಲಾಸ ಸಾಗರ. ಅದೂ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಕಾಣಲು 2022ರ ತನಕ ಕಾಯಿಸಿತು. ಇಂಥ ಸೀಮೆಯಲ್ಲಿ ಹುಟ್ಟಿದ ನನಗೆ ಎಂಬತ್ತರ ದಶಕದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿದ್ದು ಶರಾವತಿ ಹಿನ್ನೀರಿನ ಆಚೆ ದಡದ ಒಂದು ಶಾಲೆಯಲ್ಲಿ. ರಜೆಗೆ ಊರಿಗೆ ಬರಬೇಕೆಂದರೆ ಲಾಂಚು, ಬಸ್ಸು, ರೈಲು, ರೈಲು, ಇನ್ನೊಂದು ರೈಲು, ಮತ್ತೆ ಬಸ್ಸು. ಆ ದಾರಿ ಈಗ ಇಲ್ಲ. ಇದ್ದದ್ದು ಹೇಗೆ, ಅದು ಹುಟ್ಟಿದ್ದು ಯಾರಿಂದ ಎಂದು ಬರೆದಿಡಬೇಕು ಅನ್ನಿಸಿದ್ದರಿಂದ ಈ ಲೇಖನ.

ನಮ್ಮ ಕಡೆಯ ಹಿರಿಯರಿಗೆ ರೈಲು, ದೋಣಿ ಎರಡೂ ಕೂಡಿದ ಪ್ರಯಾಣ ಒಂದು ಗೊತ್ತಿತ್ತು. ಅದು ಹಂಪಿಯದು. ಮೊಳಕಾಲ್ಮುರು ಮೈಸೂರು ಸಂಸ್ಥಾನದ ಕಟ್ಟಕಡೆಯ ತಾಲ್ಲೂಕು. ಮೂರು ಕಡೆ ಮದ್ರಾಸ್ ಪ್ರಾಂತ್ಯದ ನೆಲ. ರೈಲು ಬೇಕೆಂದರೆ ಗಡಿ ದಾಟಿ ರಾಯದುರ್ಗಕ್ಕೋ ಬಳ್ಳಾರಿಗೋ ಹೋಗಬೇಕಿತ್ತು. ಬಳ್ಳಾರಿಯಲ್ಲಿ ಹತ್ತಿ ಹೊಸಪೇಟೆಯಲ್ಲಿ ಇಳಿದು, ಕಮಲಾಪುರದ ಮೇಲೆ ನಡೆದು, ವಿರೂಪಾಕ್ಷನ ದರ್ಶನ ಮುಗಿಸಿ, ತಳವಾರಘಟ್ಟದಲ್ಲಿ ಹರಿಗೋಲು ಹತ್ತಿ ಆನೆಗೊಂದಿಗೆ. ನನ್ನಜ್ಜಿ ಆ ಹರಿಗೋಲನ್ನು ನೆನೆದಾಗಲೆಲ್ಲ ಎರಡೂ ಕೈಯಲ್ಲಿ ಕಂಬ ಹಿಡಿದುಕೊಳ್ಳುತ್ತಿದ್ದಳು. ‘ಅದು ಮುಂದಕ್ಕೋಗಲ್ಲ ಕಣಪ್ಪ, ಸುತ್ತುತ್ತದೆ’ ಅನ್ನುತ್ತಿದ್ದಳು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಕಡವಿನಲ್ಲಿ ಇದನ್ನೇ ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಕೂರಬಹುದು, ಹುಟ್ಟು ಹಾಕಿದಷ್ಟೂ ಬುಟ್ಟಿ ತಿರುಗುತ್ತಲೇ ಇರುತ್ತದೆ ಎಂದು. ಪಾಯೆಸನಿಗೂ ನಮ್ಮಜ್ಜಿಗೂ ನಡುವೆ ನಾನೂರು ವರ್ಷ ಕಳೆದಿತ್ತು. ಹರಿಗೋಲು ಮಾತ್ರ ಇನ್ನೂ ಸುತ್ತುತ್ತಿತ್ತು. ಅಲ್ಲೊಂದು ಸೇತುವೆ ಕಟ್ಟಲು ಹೋಗಿ, ಅದು ಮುಗಿಯುವ ಹಂತದಲ್ಲಿ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಹೊಳೆ ದಾಟುವ ವಿಷಯದಲ್ಲಿ ನಮ್ಮ ನಾಡಿನ ಚರಿತ್ರೆ ಅಷ್ಟು ಸಲೀಸಾದದ್ದಲ್ಲ.

ಇನ್ನು ಶರಾವತಿಯ ಕಡೆಗೆ ಬರೋಣ. ಅದಕ್ಕೆ ಮೊದಲು ಒಂದು ರೈಲಿನ ಕತೆ ಹೇಳಬೇಕು.

ಮೈಸೂರು ಸಂಸ್ಥಾನಕ್ಕೆ ಕಡಲಿರಲಿಲ್ಲ. ಅಡಿಕೆ, ಮರಮಟ್ಟು, ಅದಿರು ಏನೇ ಹೊರಗೆ ಹೋಗಬೇಕಾದರೂ ಮದ್ರಾಸಿನವರ ಇಲ್ಲವೇ ಮುಂಬಯಿಯವರ ಬಂದರಿಗೆ ಕೈ ಚಾಚಬೇಕು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಭಟ್ಕಳದಲ್ಲಿ ಮೈಸೂರಿನದೇ ಒಂದು ಬಂದರು ಬೇಕಿತ್ತು, ಅಲ್ಲಿಗೆ ಘಟ್ಟ ಇಳಿಯುವ ರೈಲೂ ಬೇಕಿತ್ತು. ಭಟ್ಕಳ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಬಂದರೂ ಆಗಲಿಲ್ಲ, ಘಟ್ಟ ಇಳಿಯುವ ಹಳಿಯೂ ಬೀಳಲಿಲ್ಲ. ಆದರೆ 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಬಂದು ನಿಂತಿದ್ದ ಮೀಟರ್ ಗೇಜ್ ಹಳಿ 1930ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಕುಂಸಿ, ಅರಸಾಳು, ಆನಂದಪುರ, ಸಾಗರ ಎನ್ನುತ್ತ ತುಂಡು ತುಂಡಾಗಿ ಪಶ್ಚಿಮಕ್ಕೆ ಸರಿದು ತಾಳಗುಪ್ಪದಲ್ಲಿ ನಿಂತಿತು. ಅಲ್ಲಿಂದ ಜೋಗ ಕೂಗಳತೆ ಎನ್ನಬಹುದು. ಜೋಗ ದಾಟಿದರೆ ಘಟ್ಟ, ಘಟ್ಟದ ಬುಡದಲ್ಲಿ ಗೇರುಸೊಪ್ಪೆ, ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ಶರಾವತಿಯ ಮೇಲೆಯೇ ದೋಣಿ. ಒಂದು ಕಾಲದಲ್ಲಿ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಸರಕು ಇಳಿದದ್ದೂ, ಜೋಗ ನೋಡಲು ಬರುತ್ತಿದ್ದ ಬ್ರಿಟಿಷ್ ಅಧಿಕಾರಿಗಳು ಹತ್ತಿ ಬಂದದ್ದೂ ಈ ನೀರಿನ ದಾರಿಯಲ್ಲೇ. ಹೊನ್ನಾವರದಿಂದ ಮುಂಬಯಿಗೆ ಹಡಗು. ಅಂದರೆ ಮೈಸೂರಿನ ರೈಲು ತಾಳಗುಪ್ಪದಲ್ಲಿ ನಿಂತಾಗ, ಘಟ್ಟದ ರಸ್ತೆಯೊಂದನ್ನು ಬಿಟ್ಟರೆ, ಕಡಲಿನ ತನಕ ದಾರಿ ಇತ್ತು. ಯಾರೂ ಅದನ್ನು ಒಂದು ದಾರಿಯೆಂದು ಟಿಕೆಟ್ಟು ಮಾಡಿ ಮಾರಲಿಲ್ಲ, ಅಷ್ಟೆ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮ ಜಿಲ್ಲೆಯ ರೈಲು ಚಿತ್ರದುರ್ಗದಲ್ಲಿ ಮುಗಿಯುತ್ತಿತ್ತು. ಚಿಕ್ಕಜಾಜೂರಿನಿಂದ ದುರ್ಗಕ್ಕೆ ಹಳಿ ಬಂದದ್ದು 1921ರಲ್ಲಿ. ಅಲ್ಲಿಂದ ಚಳ್ಳಕೆರೆ, ತಳುಕು, ಮೊಳಕಾಲ್ಮುರು ಸೀಮೆ ಹಾಯ್ದು ರಾಯದುರ್ಗವನ್ನು ಮುಟ್ಟಲು ತೊಂಬತ್ತರ ದಶಕವೇ ಬೇಕಾಯಿತು. ಹಾಗಾಗಿ ಕೊಂಡ್ಲಹಳ್ಳಿಯಿಂದ ಬಸ್ಸು ಹಿಡಿದು ಬಿ.ಜಿ.ಕೆರೆ, ಚಳ್ಳಕೆರೆ ಮೇಲೆ ದುರ್ಗ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹುರಿದ ಶೇಂಗಾ ವಾಸನೆ ಬಸ್ಸಿನೊಳಗೆ ನುಗ್ಗಿ ದುರ್ಗದವರೆಗೂ ಬರುತ್ತಿತ್ತು. ದುರ್ಗದಲ್ಲಿ ಚಿಕ್ಕಜಾಜೂರಿನ ಗಾಡಿ. ಚಿಕ್ಕಜಾಜೂರಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬರುವ ಗಾಡಿ ಹಿಡಿದು ಬೀರೂರು. ಬೀರೂರಿನಲ್ಲಿ ಶಿವಮೊಗ್ಗದ್ದು. ಬೀರೂರು ಪ್ಲಾಟ್‌ಫಾರಂನಲ್ಲಿ ರಾತ್ರಿ ಕಳೆದವರಿಗೆ ಅಲ್ಲಿನ ಸೊಳ್ಳೆ, ಅಲ್ಲಿನ ಚಹಾ ಎರಡೂ ಜೀವನಪೂರ್ತಿ ನೆನಪಿರುತ್ತವೆ. ನಮ್ಮ ಕಡೆಯ ರೊಟ್ಟಿ, ಶೇಂಗಾ ಚಟ್ನಿಪುಡಿ ಗಂಟಿನಲ್ಲಿ ಇರುತ್ತಿದ್ದುದರಿಂದ ಹೋಟೆಲಿನ ಹಂಗಿರಲಿಲ್ಲ.

ಶಿವಮೊಗ್ಗ ದಾಟಿದ ಮೇಲೆ ಬೇರೆಯೇ ಲೋಕ. ನಮ್ಮಲ್ಲಿ ಮರ ಕಂಡರೆ ಅದರ ಕೆಳಗೆ ಒಂದು ದೇವರು, ಒಂದು ಕಟ್ಟೆ ಇರುತ್ತದೆ. ಇಲ್ಲಿ ಮರಗಳಿಗೆ ಲೆಕ್ಕವೇ ಇಲ್ಲ. ಅರಸಾಳಿನಲ್ಲಿ ಗಾಡಿ ನಿಂತರೆ ಇಳಿಯುವವರು ಇಬ್ಬರು, ಹತ್ತುವವರು ಒಬ್ಬರು. ಅದೇ ಕಾಲದಲ್ಲಿ ಶಂಕರ್ ನಾಗ್ ಆ ನಿಲ್ದಾಣವನ್ನು ಮಾಲ್ಗುಡಿ ಮಾಡಿ ಟೀವಿಯಲ್ಲಿ ತೋರಿಸಿದರು. ಈಗ ಅಲ್ಲಿ ಮ್ಯೂಸಿಯಂ ಇದೆ. ಮುಂದೆ ಈ ಹಳಿಯ ಮೇಲೆ ಬಸ್ಸಿನಂಥದೇ ಒಂದು ಡಬ್ಬಿ, ರೈಲ್‌ಬಸ್ಸು, ಓಡಾಡಿತು. ಆಮೇಲೆ ಹಳಿ ಕಿತ್ತು ಅಗಲ ಮಾಡಿದರು. ತಾಳಗುಪ್ಪಕ್ಕೆ ದೊಡ್ಡ ಗೇಜಿನ ರೈಲು ತಲುಪಿದ್ದು 2011ರಲ್ಲಿ. ನಾನು ಇಳಿಯುತ್ತಿದ್ದದ್ದು ಸಾಗರದಲ್ಲಿ. ನಿಲ್ದಾಣದ ಹೆಸರು ಸಾಗರ ಜಂಬಗಾರು. ಸಮುದ್ರ ಇಲ್ಲದ ಸಾಗರ ಅಂತ ನಮ್ಮೂರಲ್ಲಿ ತಮಾಷೆ ಮಾಡುತ್ತಿದ್ದರು. ಸಾಗರದಿಂದ ಬಸ್ಸಿನಲ್ಲಿ ಹೊಳೆಬಾಗಿಲಿಗೆ ಹೋದ ಮೇಲೆ ಅವರ ತಮಾಷೆ ನಿಲ್ಲುತ್ತಿತ್ತೋ ಏನೋ. ಕಣ್ಣು ಹರಿಯುವಷ್ಟು ನೀರು.

ಆ ನೀರು ಹೊಳೆಯದಲ್ಲ, ಸರ್ಕಾರದ್ದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು 151 ಟಿಎಂಸಿ ನೀರನ್ನು ಹಿಡಿದು ನಿಲ್ಲಿಸಿತು. ಸುಮಾರು 300 ಚದರ ಕಿಲೋಮೀಟರು ನೆಲ ಮುಳುಗಿತು. ಅದರಲ್ಲಿ ಅಡಿಕೆ ತೋಟ, ಗದ್ದೆ, ಬಸದಿ, ದೇವಸ್ಥಾನ, ಸ್ಮಶಾನ ಎಲ್ಲ ಇದ್ದವು. ಸ್ವಾತಂತ್ರ್ಯದ ಹೊತ್ತಿನಲ್ಲಿ ಜೋಗದ ಮೊದಲ ವಿದ್ಯುದಾಗಾರಕ್ಕಾಗಿ ಕಟ್ಟಿದ್ದ ಮಡೆನೂರು ಅಣೆಕಟ್ಟೆಯೂ ಇಡಿಯಾಗಿ ಒಳಗೆ ಹೋಯಿತು. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮಡೆನೂರಿನ ಕಲ್ಲುಕಟ್ಟಡ ಮೇಲೆ ಏಳುತ್ತದೆ. ಪೇಟೆಯವರು ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಅದರ ಮೇಲೆಯೇ ದಾಟಿ ಸಾಗರದ ಸಂತೆಗೆ ಹೋಗುತ್ತಿದ್ದೆವು ಎಂದು ಹೇಳುವ ಮುದುಕರು ನಮ್ಮ ಶಾಲೆಯ ಊರಿನಲ್ಲಿದ್ದರು.

ಕರೂರು, ಬಾರಂಗಿ ಹೋಬಳಿಗಳು ಹೀಗೆ ಸಾಗರದಿಂದ ಕಡಿದುಹೋದವು. ಭೂಪಟದಲ್ಲಿ ತಾಲ್ಲೂಕು ಕೇಂದ್ರ ಎದುರಿಗೇ ಇತ್ತು. ರಸ್ತೆಯಲ್ಲಿ ಹೋಗಬೇಕೆಂದರೆ ಹೊಸನಗರದ ಕಡೆ ಕಾಡು ಬಳಸಿ ದಿನದ ಅರ್ಧ ಕಳೆಯಬೇಕು. ಅದಕ್ಕೇ ಲಾಂಚು. ಲಾಂಚೆಂದರೆ ಮೈಮರೆಸುವ ಹಡಗೇನಲ್ಲ. ಕಬ್ಬಿಣದ ಒಂದು ಅಗಲ ಅಟ್ಟ, ಕೆಳಗೆ ಡೀಸೆಲ್ ಎಂಜಿನ್, ಮುಂದೆ ದಡಕ್ಕೆ ಇಳಿಬಿಡುವ ಹಲಗೆ. ಆ ಹಲಗೆಯ ಮೇಲೆ ಬಸ್ಸು ಹಿಮ್ಮುಖವಾಗಿ ಹತ್ತುತ್ತಿತ್ತು. ಮೊದಲ ಸಲ ನನ್ನ ಜೊತೆ ಬಂದಿದ್ದ ಅಪ್ಪ ‘ಬಸ್ಸೇ ನೀರಾಗೆ ಹೋಗ್ತದಲ್ಲೋ’ ಎಂದು ಕೂಗಿ, ಬಸ್ಸಿನಿಂದ ಇಳಿದು ಲಾಂಚಿನ ಕಂಬಿ ಹಿಡಿದು ನಿಂತ. ಬಸ್ಸಿನ ಪಕ್ಕದಲ್ಲಿ ಬೈಕು, ಬೈಕಿನ ಸಂದಿಯಲ್ಲಿ ಅಡಿಕೆ ಮೂಟೆ, ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಮದುವೆ ದಿಬ್ಬಣ, ಕೋರ್ಟಿಗೆ ಹೊರಟವರು. ಪಬ್ಲಿಕ್ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ದಾಟಿದ್ದೇನೆ. ಬೇಸಿಗೆಯಲ್ಲಿ ನೀರು ಇಳಿದಂತೆ ಲಾಂಚು ನಿಲ್ಲುವ ಜಾಗವೂ ಇಳಿಯುತ್ತ ಹೋಗುತ್ತಿತ್ತು, ಕೆಸರಿನಲ್ಲಿ ನಡೆಯುವ ದೂರ ಹೆಚ್ಚುತ್ತಿತ್ತು, ಮುಳುಗಿದ ಮರಗಳ ಕೊರಡು ತಲೆ ಎತ್ತುತ್ತಿದ್ದವು. ತೀರ ಬತ್ತಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. 2023ರ ಬೇಸಿಗೆಯಲ್ಲೂ ಹಾಗೇ ಆಯಿತು.

ಎಲ್ಲಕ್ಕಿಂತ ದೊಡ್ಡ ಸಂಗತಿ ಸಂಜೆಯದು. ಕತ್ತಲಾದ ಮೇಲೆ ಲಾಂಚಿರಲಿಲ್ಲ. ರೈಲು ತಡವಾದರೆ ಬಸ್ಸು ತಪ್ಪಿತು, ಬಸ್ಸು ತಪ್ಪಿದರೆ ಕಡೆಯ ಲಾಂಚು ತಪ್ಪಿತು. ಎದುರು ದಡದಲ್ಲಿ ನಮ್ಮ ಶಾಲೆಯ ಊರಿನ ದೀಪ ಕಾಣುತ್ತಿರುವಾಗ ಹೊಳೆಬಾಗಿಲಿನ ಅಂಗಡಿ ಜಗಲಿಯಲ್ಲಿ ಮಲಗುವುದು. ನನಗೆ ಅದು ಮೇಷ್ಟ್ರ ಸಣ್ಣ ಕಷ್ಟ, ಅಷ್ಟೆ. ಆಚೆ ದಡದಲ್ಲಿ ರಾತ್ರಿ ಹೆರಿಗೆ ನೋವು ಶುರುವಾದವಳಿಗೆ, ಹಾವು ಕಡಿದವನಿಗೆ ಅದು ಬೇರೆಯೇ ಲೆಕ್ಕ.

ಇದನ್ನು ಬರೆಯುವಾಗ ಐರ್ಲೆಂಡಿನ ಮಾತು ತರಲೇಬೇಕು. ನನ್ನ ತಂಗಿಯ ಮಗ ಡಬ್ಲಿನ್ನಿನಲ್ಲಿ ಕೆಲಸದಲ್ಲಿದ್ದಾನೆ. ಒಮ್ಮೆ ವಿಮಾನ ಬಿಟ್ಟು ಹಡಗು ಮತ್ತು ರೈಲಿನಲ್ಲಿ ಲಂಡನ್ನಿಗೆ ಹೋದನಂತೆ. ಡಬ್ಲಿನ್ ಬಂದರಿನಿಂದ ಹಡಗು, ವೇಲ್ಸಿನ ಹೋಲಿಹೆಡ್ ಎಂಬಲ್ಲಿ ಇಳಿದರೆ ಎದುರಿಗೇ ರೈಲು ನಿಲ್ದಾಣ. ಎರಡಕ್ಕೂ ಒಂದೇ ಟಿಕೆಟು. ‘ಮಾಮ, ನಿನ್ನ ಹೊಳೆಬಾಗಿಲಿನ ಲಾಂಚು ನೆನಪಾಯ್ತು’ ಅಂದ. ನಾನು ಆ ದಾರಿಯ ಚರಿತ್ರೆ ಹುಡುಕಿ ಓದಿದೆ. 1801ರಲ್ಲಿ ಐರ್ಲೆಂಡನ್ನು ಬ್ರಿಟನ್ನಿಗೆ ಸೇರಿಸಿಕೊಂಡ ಮೇಲೆ ಅಲ್ಲಿನ ಸಂಸದರು ಲಂಡನ್ನಿಗೆ ಓಡಾಡಬೇಕಾಯಿತು. ಮೊದಲು ಥಾಮಸ್ ಟೆಲ್‌ಫೋರ್ಡ್ ರಸ್ತೆ ಮಾಡಿದ, 1826ರಲ್ಲಿ ಮೆನಾಯ್ ಜಲಸಂಧಿಗೆ ತೂಗುಸೇತುವೆ ಹಾಕಿದ. 1848ರ ಆಗಸ್ಟ್ 1ರಂದು ಲಂಡನ್ನಿನಿಂದ ಐರಿಷ್ ಮೇಲ್ ರೈಲು ಹೊರಟಿತು. ಅದರ ಹೊಟ್ಟೆಯಲ್ಲಿದ್ದದ್ದು ಮುಖ್ಯವಾಗಿ ಅಂಚೆ. ಅಂಚೆ ಹೊತ್ತಿಗೆ ಸರಿಯಾಗಿ ತಲುಪಬೇಕೆಂಬ ಒಪ್ಪಂದವೇ ರೈಲಿನವರನ್ನೂ ಹಡಗಿನವರನ್ನೂ ಒಂದು ನೊಗಕ್ಕೆ ಕಟ್ಟಿತು. ಇನ್ನೊಂದು ಸಂಗತಿ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ಲಂಡನ್ನಿನ ನೌಕಾಖಾತೆಯಿಂದ ಒಬ್ಬ ಜವಾನ ಸರಿಯಾದ ಸಮಯ ತೋರಿಸುವ ಗಡಿಯಾರವೊಂದನ್ನು ದಿನವೂ ಐರಿಷ್ ಮೇಲ್ ಗಾಡಿಗೆ ತಂದು ಕೊಡುತ್ತಿದ್ದ. ಅದು ಹೋಲಿಹೆಡ್‌ನಲ್ಲಿ ಹಡಗಿನವರ ಕೈ ಸೇರಿ ಐರ್ಲೆಂಡಿನ ದಡಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬರುತ್ತಿತ್ತು. 1916ರ ತನಕ ಡಬ್ಲಿನ್ನಿನ ಗಡಿಯಾರ ಲಂಡನ್ನಿಗಿಂತ 25 ನಿಮಿಷ ಹಿಂದೆ ಇತ್ತು, ಆಮೇಲೆ ಒಂದೇ ಆಯಿತು. ತಂತಿ ಬಂತು, ರೇಡಿಯೋ ಬಂತು, ಆದರೂ ಗಡಿಯಾರ ಹೊರುವ ಪದ್ಧತಿ 1939ರ ತನಕ ನಡೆಯಿತು.

ಅಲ್ಲಿ ರೈಲು ಮತ್ತು ಹಡಗಿನ ನಡುವೆ ಸಮಯವನ್ನು ಕೈಯಿಂದ ಕೈಗೆ ದಾಟಿಸುವ ಒಬ್ಬ ಆಳಿದ್ದ. ಸಾಗರದ ರೈಲಿಗೂ ಹೊಳೆಬಾಗಿಲಿನ ಲಾಂಚಿಗೂ ನಡುವೆ ಇದ್ದವನು ಪ್ರಯಾಣಿಕನೊಬ್ಬನೇ. ರೈಲು ಕೇಂದ್ರದ್ದು, ಬಸ್ಸು ಬೇರೆಯವರದು, ಲಾಂಚು ಇನ್ನೊಂದು ಇಲಾಖೆಯದು. ಒಬ್ಬರ ವೇಳೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ಐರಿಷ್ ಮೇಲ್‌ನಲ್ಲಿ ಸಂಸದರು, ಸಾಮ್ರಾಜ್ಯದ ಕಾಗದಪತ್ರ ಹೋಗುತ್ತಿದ್ದವು. ನಮ್ಮ ಲಾಂಚಿನಲ್ಲಿ ಮುಳುಗಡೆಯ ರೈತರು ಹೋಗುತ್ತಿದ್ದರು. ವ್ಯತ್ಯಾಸ ಇಂಗ್ಲಿಷರ ಜಾಣತನದ್ದು ಎಂದು ನಾನು ಒಪ್ಪುವುದಿಲ್ಲ. ಯಾರು ದಾಟಬೇಕಿತ್ತು ಎಂಬುದರಲ್ಲಿದೆ ಅದು.

ಭಾರತದಲ್ಲೂ ಅಂಥ ದಾರಿ ಒಂದಿತ್ತು ಎನ್ನುವುದನ್ನು ಮರೆಯಬಾರದು. 1914ರಲ್ಲಿ ಪಂಬನ್ ಸೇತುವೆ ತೆರೆದ ಮೇಲೆ ಮದ್ರಾಸಿನ ಎಗ್ಮೋರಿನಿಂದ ಬೋಟ್ ಮೇಲ್ ಧನುಷ್ಕೋಟಿಗೆ ಬಂದು ಹಡಗಿಗೆ ಜನರನ್ನು ಒಪ್ಪಿಸುತ್ತಿತ್ತು. ತಲೈಮನ್ನಾರ್‌ನಲ್ಲಿ ಸಿಂಹಳದ ರೈಲು ಅವರನ್ನು ಹತ್ತಿಸಿಕೊಂಡು ಕೊಲಂಬೋಗೆ ಒಯ್ಯುತ್ತಿತ್ತು. ಟೀ ತೋಟಗಳ ಆಡಳಿತಕ್ಕೂ ವ್ಯಾಪಾರಕ್ಕೂ ಅದು ಬೇಕಿತ್ತು, ಹಾಗಾಗಿ ಒಂದೇ ಟಿಕೆಟು ಅಲ್ಲೂ ಸಾಧ್ಯವಾಯಿತು. 1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತ ಧನುಷ್ಕೋಟಿಯನ್ನೂ ಅಲ್ಲಿಗೆ ಬರುತ್ತಿದ್ದ ರೈಲನ್ನೂ ನುಂಗಿತು. ಲಿಂಗನಮಕ್ಕಿ ಮುಗಿದದ್ದೂ ಅದೇ ವರ್ಷ.

ಲಾಂಚಿಗೆ ನಾಡಿನಲ್ಲಿ ಹೆಸರು ಬಂದದ್ದು ಆಚೆ ದಡದವರ ಕಷ್ಟದಿಂದಲ್ಲ, ಸಿಗಂದೂರು ಚೌಡೇಶ್ವರಿಯಿಂದ. ಮುಳುಗಿದ ಸೀಗೆ ಕಣಿವೆಯಿಂದ ಮೇಲಕ್ಕೆ ಬಂದು ನೆಲೆಸಿದ ದೇವಿ ಎನ್ನುತ್ತಾರೆ. ತೊಂಬತ್ತರ ದಶಕದ ನಂತರ ಭಕ್ತರ ಸಾಲು ಬೆಳೆಯಿತು. ಬಯಲುಸೀಮೆಯವರಿಗೆ ಲಾಂಚೇ ಅರ್ಧ ಪುಣ್ಯ. ಗೌರಸಮುದ್ರದ ಮಾರಮ್ಮನಿಗೂ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೂ ನಡೆದುಕೊಳ್ಳುವ ನಮ್ಮವರು ವರ್ಷಕ್ಕೊಮ್ಮೆ ರೈಲಿನಲ್ಲೋ ಟೆಂಪೊದಲ್ಲೋ ಸಾಗರಕ್ಕೆ ಬಂದು ನೀರು ದಾಟಿ ಹೋಗುತ್ತಿದ್ದರು. ನನ್ನ ಶಾಲೆ ಅಲ್ಲೇ ಹತ್ತಿರವಿದ್ದುದರಿಂದ ನಾನು ಅವರ ವ್ಯವಸ್ಥೆ ನೋಡಿಕೊಳ್ಳುವ ಮೇಷ್ಟ್ರಾದೆ. ‘ಇಷ್ಟು ನೀರು ಇಲ್ಲಿ ಸುಮ್ನೆ ಬಿದ್ದೈತಲ್ಲ ಸಾರ್’ ಎಂದು ಎಲ್ಲರೂ ಕೇಳುತ್ತಿದ್ದರು. ಸುಮ್ಮನೆ ಬಿದ್ದಿಲ್ಲ, ನಿಮ್ಮ ಬೋರಿನ ಮೋಟರು ಓಡುವುದು ಇದರಿಂದಲೇ ಎಂದರೆ ನಂಬುತ್ತಿರಲಿಲ್ಲ. ಶರಾವತಿ ವಿದ್ಯುದಾಗಾರದ ಇವತ್ತಿನ ಸಾಮರ್ಥ್ಯ 1,035 ಮೆಗಾವ್ಯಾಟ್. ದಶಕಗಳ ಕಾಲ ರಾಜ್ಯದ ಪಂಪ್‌ಸೆಟ್ಟು, ಮಿಲ್ಲು, ದೀಪಗಳಿಗೆ ದೊಡ್ಡ ಆಧಾರ ಅದೇ. ಕೊಂಡ್ಲಹಳ್ಳಿಯಲ್ಲಿ ಬಲ್ಬು ಉರಿಯುತ್ತಿದ್ದ ಆ ದಿನಗಳಲ್ಲಿ ಹಿನ್ನೀರಿನ ಪಕ್ಕದ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದುತ್ತಿದ್ದರು. ಇದನ್ನು ಬಲ್ಲವರಾಗಿ ಬರೆದವರು ಸಾಗರದ ನಾ. ಡಿ’ಸೋಜ. ಯೋಜನೆಯಲ್ಲೇ ನೌಕರಿ ಮಾಡಿ ‘ಮುಳುಗಡೆ’, ‘ದ್ವೀಪ’ ಬರೆದರು. ಗಿರೀಶ ಕಾಸರವಳ್ಳಿ ‘ದ್ವೀಪ’ವನ್ನು ಸಿನಿಮಾ ಮಾಡಿದರು. ಡಿ’ಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ.

ಅದೇ ವರ್ಷ ಜುಲೈ 14ರಂದು ಈ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 2018ರಲ್ಲಿ ಶಂಕುಸ್ಥಾಪನೆ ಮಾಡಿದ್ದ ಕೇಂದ್ರ ಸಚಿವ ನಿತಿನ್ ಗಡ್ಕರಿಯವರೇ ಬಂದು ಉದ್ಘಾಟಿಸಿದರು. ಉದ್ದ ಸುಮಾರು 2.44 ಕಿಲೋಮೀಟರು, ನಡುಭಾಗವನ್ನು ಕೇಬಲ್ಲುಗಳು ಎತ್ತಿ ಹಿಡಿದಿವೆ. ಸಮಾರಂಭಕ್ಕೆ ಯಾರನ್ನು ಕರೆದರು, ಯಾರನ್ನು ಕರೆಯಲಿಲ್ಲ ಎಂಬ ರಾಜಕೀಯವೇ ಪತ್ರಿಕೆಗಳಲ್ಲಿ ಹೆಚ್ಚು ಬಂತು. ಆಚೆ ದಡದ ತುಮರಿಯ ಜನ ಎಷ್ಟು ವರ್ಷ ಮನವಿ ಕೊಟ್ಟರು, ಪಾದಯಾತ್ರೆ ಮಾಡಿದರು ಎಂಬುದು ಒಳಪುಟದಲ್ಲಿ.

ಈಗ ನಮ್ಮೂರಿನ ಟೆಂಪೊ ನಿಲ್ಲದೆ ದೇವಸ್ಥಾನದ ಬಾಗಿಲಿಗೇ ಹೋಗುತ್ತದೆ. ರೈಲೂ ಬೇಡ, ಲಾಂಚೂ ಬೇಡ. ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಹಾಕಬೇಕೆಂಬ ಬೇಡಿಕೆ ಮಾತ್ರ ಹಾಗೇ ಇದೆ. ನಡುವೆ ಇರುವುದು ಶರಾವತಿ ಕಣಿವೆಯ ಸಿಂಗಳೀಕಗಳ ಕಾಡು. ಆ ಹಳಿ ಬೇಕೆಂದು ನಾನು ಹೇಳಲಾರೆ, ಒಂದು ಸಲ ಆ ಕಣಿವೆ ಕೊಟ್ಟದ್ದು ಸಾಕು.

ಲಾಂಚು ಹೋಯಿತಲ್ಲ, ಎಷ್ಟು ಚೆನ್ನಾಗಿತ್ತು ಎಂದು ಮರುಗುವ ಮಾತು ಬೆಂಗಳೂರಿನ ಸ್ನೇಹಿತರಿಂದ ಕೇಳುತ್ತಿದ್ದೇನೆ. ತಂಪು ಗಾಳಿ, ನೀರು, ಫೋಟೊ, ಎಲ್ಲ ನಿಜ. ಅವರು ದಾಟಿದ್ದು ಹಗಲಲ್ಲಿ, ಒಂದೆರಡು ಸಲ, ಹಿಂದಿರುಗುವ ಊರು ಬೇರೆ ಇರುವಾಗ. ಆಚೆ ದಡದಲ್ಲಿ ಒಂದು ಮಳೆಗಾಲ ಕಳೆದ ಯಾರ ಬಾಯಲ್ಲೂ ಈ ಮಾತು ನಾನು ಕೇಳಿಲ್ಲ. ನನ್ನನ್ನು ಕೇಳಿದರೆ, ಆ ಸೇತುವೆಯ ಕೆಲಸ ಅಣೆಕಟ್ಟಿನ ಜೊತೆಗೇ ಶುರುವಾಗಬೇಕಿತ್ತು. ಅರವತ್ತೊಂದು ವರ್ಷ ತಡ ಮಾಡಿ ಕೊಟ್ಟದ್ದಕ್ಕೆ ಕೊಡುಗೆ ಎಂದು ಯಾರೂ ಕರೆಯದಿರಲಿ.